ಗೇಟಿಗೆ ಕಟ್ಟಿದ ರಟ್ಟು

ಮರುದಿನ ಆಸ್ಪತ್ರೆಯ ಹೆಂಗಸು ಮನೆ ನೋಡಲು ಬರುವವಳಿದ್ದಳು. ಗೇಟಿನಿಂದ ಬಾಗಿಲವರೆಗಿನ ಕಲ್ಲುದಾರಿ ಜಾರದಂತಿದ್ದರೆ ಆಸ್ಪತ್ರೆಯಲ್ಲಿರುವ ಡೆಸ್ಮಂಡ್ ಮನೆಗೆ ಬರಬಹುದು, ಇಲ್ಲದಿದ್ದರೆ ಆರೈಕೆ ಕೇಂದ್ರಕ್ಕೆ. ವಸಂತದಲ್ಲಿ ಅವನು ಸೊಂಟದ ಮೂಳೆ ಮುರಿದುಕೊಂಡದ್ದು ಬಾಗಿಲ ಮುಂದಿನ ಕಲ್ಲುಗಳ ಪಾಚಿಯ ಮೇಲೇ.

ಅವನ ಹೆಂಡತಿ ಗ್ಲೆಂಡಾಳ ಭುಜ ಬ್ರಷ್ ಹಿಡಿದು ಉಜ್ಜುವ ಸ್ಥಿತಿಯಲ್ಲಿರಲಿಲ್ಲ. ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯುವ ಪ್ರೆಷರ್ ವಾಷರ್ ಇತ್ತು. ಆದರೆ ಆ ಬೇಸಿಗೆ ಇಂಗ್ಲೆಂಡಿನ ಕೆಂಟಿನಲ್ಲಿ ನೀರಿನ ಅಭಾವದಿಂದ ನಲ್ಲಿ ನೀರನ್ನು ಪೈಪಿಗಾಗಲಿ ವಾಷರಿಗಾಗಲಿ ಬಿಡುವಂತಿರಲಿಲ್ಲ. ಸೂರಿನಿಂದ ಇಳಿದ ಮಳೆನೀರಿಗೆ ಆ ಕಟ್ಟಳೆ ಇಲ್ಲ. ಬಾಗಿಲ ಪಕ್ಕದ ಡ್ರಮ್ ತುಂಬಿತ್ತು. ಅವಳು ವಾಷರಿನ ಪೈಪನ್ನು ಅದರೊಳಗೆ ಇಳಿಬಿಟ್ಟು ಗೇಟಿನ ಕಡೆಯಿಂದ ತೊಳೆಯತೊಡಗಿದಳು.

ಪಕ್ಕದ ಮನೆಯ ಕೀತ್ ಬೇಲಿಯ ಮೇಲೆ ತಲೆ ಹಾಕಿದ.

"ಏನ್ರೀ ಗ್ಲೆಂಡಾ, ನಿಷೇಧ ಇರೋದು ನಮಗೆ ಮಾತ್ರಾನಾ?"

"ಪೈಪಿನ ಇನ್ನೊಂದು ತುದಿ ನೋಡಿ, ಕೀತ್."

ಅವನು ಬಗ್ಗಿ ನೋಡಿದ. "ಓಹೋ, ಮಳೆನೀರು! ಹಾಗಾದ್ರೆ ಬೋರ್ಡ್ ಹಾಕ್ರೀ. ಯಾರಾದ್ರೂ ಕಂಪ್ಲೇಂಟ್ ಕೊಟ್ಟಾರು."

"ಯಾರಾದ್ರೂ ಅಂದ್ರೆ ನೀವು ತಾನೇ?"

"ಇವತ್ತು ಆಗಲ್ಲ. ಭಾನುವಾರ, ನೀರಿನ ಆಫೀಸಿಗೆ ರಜೆ."

ಅವಳು ರಟ್ಟಿನ ಮೇಲೆ 'ಮಳೆನೀರು' ಎಂದು ದಪ್ಪಗೆ ಬರೆದು ಗೇಟಿಗೆ ಕಟ್ಟಿದಳು. ಕೆಟ್ಟದ್ದು ಅಲ್ಲೇ. ಹತ್ತು ನಿಮಿಷಕ್ಕೆ ಕೀತ್ ಕ್ಯಾನ್ ಹಿಡಿದು ಬಂದ. ಅವನ ಹೈಡ್ರೇಂಜಿಯಾ ಗಿಡದ ಹೂವು ನೀಲಿ. ಇಲ್ಲಿನ ನಲ್ಲಿ ನೀರಿನ ಸುಣ್ಣಕ್ಕೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದಂತೆ.

"ಪರವಾಗಿಲ್ಲ ತಾನೇ?"

"ಅಯ್ಯೋ, ತಗೊಳ್ಳಿ."

ಆ ಬೀದಿಯಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ. ರಟ್ಟು ಓದಿದವರು ಒಬ್ಬೊಬ್ಬರಾಗಿ ಬಂದರು: ಒಬ್ಬಳಿಗೆ ಟೊಮೆಟೊ ಗಿಡಕ್ಕೆ, ಇನ್ನೊಬ್ಬನಿಗೆ ಕಾರಿನ ಗಾಜಿಗೆ. ಎಲ್ಲರೂ "ಪರವಾಗಿಲ್ಲ ತಾನೇ" ಎಂದರು, ಎಲ್ಲರಿಗೂ ಅವಳು "ತಗೊಳ್ಳಿ" ಎಂದಳು. ಸಂಜೆ ಚಹಾದ ಹೊತ್ತಿಗೆ ಡ್ರಮ್ ತಟ್ಟಿದರೆ ತಳದ ಹತ್ತಿರದವರೆಗೂ ಟೊಳ್ಳು ಸದ್ದು. ಬಾಗಿಲ ಮುಂದಿನ ಕಲ್ಲುಗಳು ಇನ್ನೂ ಹಸಿರಾಗಿಯೇ ಇದ್ದವು.

ಕೀತ್ ಮತ್ತೆ ಬಂದ. ಈ ಸಲ ಎರಡು ಕ್ಯಾನ್.

"ಇಲ್ಲ," ಎಂದಳು ಗ್ಲೆಂಡಾ.

"ಖಾಲಿ ಆಯ್ತಾ?"

"ಇದೆ. ಕೊಡಲ್ಲ."

ತನ್ನ ಬೂಟಿನ ಮೇಲೆ ಯಾರೋ ಉಗುಳಿದಂತೆ ಅವನು ನಿಂತ. "ಮತ್ತೆ ಗೇಟಿಗೆ ಬೋರ್ಡ್ ಯಾಕೆ ಹಾಕಿದ್ರಿ?"

"ಹಾಕಿ ಅಂದಿದ್ದು ನೀವೇ. ಮಳೆನೀರು ಅಂತ ಬರ್ದಿದೀನಿ, ಬಿಟ್ಟಿ ನೀರು ಅಂತಲ್ಲ. ನಾಳೆ ಈ ಕಲ್ಲು ಹೀಗೇ ಇದ್ರೆ ಡೆಸ್ಮಂಡ್‌ನ ಮನೆಗೆ ಕಳಿಸಲ್ಲ."

"ಮೊದಲೇ ಹೇಳೋದಲ್ವಾ?"

"ನೀವು ಕೇಳಿದ್ದು ನೀರು, ಕಾರಣ ಅಲ್ಲ."

ಅವನು ಖಾಲಿ ಕ್ಯಾನ್‌ಗಳನ್ನು ಗಡಗಡ ಸದ್ದು ಮಾಡಿಸುತ್ತ ಹೋದ. ಅವಳು ರಟ್ಟು ಹರಿದೆಸೆದು ತೊಳೆದಳು. ಕೊನೆಯ ಕಲ್ಲು ಅರ್ಧವಾದಾಗ ವಾಷರ್ ಗಾಳಿ ಹೀರಿ ಕೆಮ್ಮಿತು. ಉಳಿದ ಹಸಿರಿನ ಮೇಲೆ ಒಂದು ಭಾರದ ಹೂಕುಂಡ ಎಳೆದಿಟ್ಟಳು.

ಮರುದಿನ ಆಸ್ಪತ್ರೆಯ ಹೆಂಗಸು ಕಲ್ಲುಗಳ ಮೇಲೆ ಷೂ ಉಜ್ಜಿ ನೋಡಿದಳು. "ಬಾಗಿಲ ಹತ್ರ ಹಿಡ್ಕೊಳ್ಳೋಕೆ ಕಂಬಿ ಒಂದು ಹಾಕಿಸಿ, ಸಾಕು," ಎಂದಳು. ಕುಂಡವನ್ನು ಮೆಚ್ಚಿದಳು.

ಗುರುವಾರ ಡೆಸ್ಮಂಡ್ ವಾಕರ್ ಊರಿಕೊಂಡು ಗೇಟು ದಾಟಿದ. ದಾರಿಯ ನಡುವೆ ನಿಂತು ಬೇಲಿಯಾಚೆ ನೋಡಿದ. ಹೈಡ್ರೇಂಜಿಯಾ ಎಲೆಗಳು ಜೋತುಬಿದ್ದಿದ್ದವು.

"ಪಾಪ, ಕೀತ್‌ನ ಗಿಡ ನೋಡೇ. ನಮ್ಮ ಡ್ರಮ್ಮಿಂದ ಒಂದು ಕ್ಯಾನ್ ಕೊಡಬಾರದಾಗಿತ್ತಾ?"

"ನೀನು ಕಾಲು ನೋಡ್ಕೊಂಡು ನಡಿ," ಎಂದಳು ಗ್ಲೆಂಡಾ.