ಹರಿಯಬೇಕಿದ್ದ ಕಾಗದ

"ಅದನ್ನ ಮೊದ್ಲು ಓದೇ, ಆಮೇಲೆ ಪ್ಲಾಸ್ಟಿಕ್ ಕವರಿಗೆ ಹಾಕು" ಎಂದರು ಅತ್ತೆ ಕೆರಿಯಮ್ಮ.

ಪ್ರತಿಮಾ ದೋಸೆಗೆ ಅಕ್ಕಿ ನೆನೆಹಾಕಿ ಬಂದು, ಅಡುಗೆಮನೆ ಬಾಗಿಲಲ್ಲೇ ಕೂತು, ತುಕ್ಕು ಹಿಡಿದ ತಂತಿಯಿಂದ ಹಳೆಯ ಕಾಗದಗಳನ್ನು ಬಿಡಿಸುತ್ತಿದ್ದಳು. ಮಾವ ಶಿವರಾಮಪ್ಪ ಬದುಕಿದ್ದಷ್ಟು ಕಾಲವೂ ಚುಚ್ಚಿಟ್ಟವು. ಅವರು ಹೋದ ಮೇಲೆ ಗೆದ್ದಲು ಕೆಳಗಿನಿಂದ ತಿನ್ನತೊಡಗಿತ್ತು. ಸಂಜೆ ಮಗಳು ಲಿಖಿತಾ ತೀರ್ಥಹಳ್ಳಿಯ ಕಾಲೇಜಿನಿಂದ ಬಂದು ಎಲ್ಲದರ ಫೋಟೊ ತೆಗೆಯುವವಳಿದ್ದಳು.

ಅತ್ತೆ ಕೊಟ್ಟದ್ದು ಒಂದು ನೀಲಿ ಇನ್‌ಲ್ಯಾಂಡ್. ಓದು ಬಾರದ ಅವರಿಗೆ ಅದರ ಮೂಲೆಯ ಎಣ್ಣೆ ಕಲೆಯೇ ಗುರುತು. ಹುಂಚದಿಂದ ಅಕ್ಕ ಮೂಕಮ್ಮ ಬರೆಸಿದ ಕೊನೆಯ ಕಾಗದ.

"ಇದೂ, ಅಕ್ಕ ಹೋದ ಸುದ್ದಿದೂ ಒಂದೇ ದಿನ ಬಂದ್ವು ಕಣೆ. ನಿಮ್ಮ ಮಾವ ಎರಡೂ ಓದಿ ಹೇಳಿದ್ರು. ಸಾವಿನ ಕಾಗದ ಮನೇಲಿ ಇಡಬಾರ್ದಲ್ಲ. ನಾನೇ ಹರಿದು ಬಚ್ಚಲೊಲೆಗೆ ಹಾಕಿ ತಲೆಗೆ ನೀರು ಹೊಯ್ಕಂಡೆ."

ಪ್ರತಿಮಾ ಮಡಿಕೆ ಬಿಡಿಸಿದಳು. ಮೇಲೆ 'ಕ್ಷೇಮ' ಇರಲಿಲ್ಲ. ನಾಲ್ಕೇ ಸಾಲು: ಮೂಕಮ್ಮ ಸೋಮವಾರ ಬೆಳಿಗ್ಗೆ ತೀರಿಕೊಂಡಳು, ಹನ್ನೊಂದನೇ ದಿನಕ್ಕೆ ಬರತಕ್ಕದ್ದು. ಇಂತಿ, ಅವಳ ಗಂಡ ಕನ್ನಪ್ಪ.

ಅಂದು ಒಲೆಗೆ ಬಿದ್ದದ್ದು ಯಾವುದೆಂದು ಅವಳಿಗೆ ತಿಳಿಯಿತು.

"ಎಂತ, ಕಣ್ಣು ಮಂಜಾತಾ? ನನ್ನ ಅಕ್ಕಿ ಆರಿಸೋ ಕನ್ನಡಕ ಕೊಡ್ಲಾ?" ಕೆರಿಯಮ್ಮ ನಕ್ಕರು.

"ಶಾಯಿ ಮಾಸಿದೆ ಅತ್ತೆ. ತಂಗಿ ಕೆರಿಯಮ್ಮನಿಗೆ ಅಕ್ಕನ ಆಶೀರ್ವಾದಗಳು. ನಾವೆಲ್ಲ ಕ್ಷೇಮ..." ಮುಂದೇನು ಬರೆದಿತ್ತೋ ಅವಳಿಗೆ ಗೊತ್ತಿರಲಿಲ್ಲ.

"ಕುಂಟೆಮ್ಮೆ ಕರು ಹಾಕಿದ್ದು ಬಿಟ್ಯಲ್ಲೇ. ನಿಮ್ಮ ಮಾವ ಒಂದು ಸಲನೂ ಬಿಡ್ತಿರ್ಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ಓದಿಸ್ಕೊಳ್ತಿದ್ದೆ."

ಪ್ರತಿಮಾ ಕಾಗದವನ್ನೇ ನೋಡಿದಳು. ಇಷ್ಟು ವರ್ಷ ಮಾವ ಈ ನಾಲ್ಕು ಸಾಲಿನ ಮೇಲೆ ಕಣ್ಣಿಟ್ಟು, ಒಲೆಗೆ ಬಿದ್ದ ಆ ಇನ್ನೊಂದನ್ನು ಓದುತ್ತ ಬಂದಿದ್ದರು.

"ನಿಮಗೆ ಪೂರ್ತಿ ಬಾಯಿಗೆ ಬರ್ತದಲ್ಲ" ಎಂದು ಅವಳು ಲಿಖಿತಾಳ ನೋಟ್‌ಬುಕ್ಕಿನಿಂದ ಹಾಳೆ ತೆಗೆದಳು. "ಹೇಳಿ ಅತ್ತೆ, ಬರ್ಕೊಳ್ತೀನಿ."

ಕೆರಿಯಮ್ಮ ಗೋಡೆಗೆ ಒರಗಿದರು. ಕುಂಟೆಮ್ಮೆ ಹೆಣ್ಣುಗರು ಹಾಕಿದೆ. ನಿನ್ನ ಹಸಿರು ಸೀರೆ ಇಲ್ಲೇ ಉಳಿದಿದೆ, ಒಂದು ದಿನ ನಾನೂ ಉಟ್ಟೆ, ಬೈಯಬೇಡ. ಜ್ವರ ಇಳಿದಿದೆ. ಹಬ್ಬಕ್ಕೆ ಬರುತ್ತೇನೆ.

ಸಂಜೆ ಲಿಖಿತಾ ಕವರು ಎತ್ತಿಕೊಂಡಳು. ಮುಂದೆ ಹೊಸ ಹಾಳೆ, ಹಿಂದೆ ಮಡಿಚಿದ ನೀಲಿ ಕಾಗದ.

"ಅಮ್ಮಾ, ಇದನ್ನ ಬಿಡಿಸಿ ತೆಗೀಲಾ?"

"ಬೇಡ. ಹಾಗೇ ತೆಗಿ."

ಪ್ರತಿಮಾ ಕವರನ್ನು ಅತ್ತೆಯ ಮಡಿಲಿಗಿಟ್ಟು ದೋಸೆಗೆ ರುಬ್ಬಲು ಎದ್ದಳು. ಕೆರಿಯಮ್ಮನ ಹೆಬ್ಬೆರಳು ಪ್ಲಾಸ್ಟಿಕ್ಕಿನ ಹಿಂಬದಿಯ ಮೇಲೆ ಸರಿದು, ಎಣ್ಣೆ ಕಲೆಯ ಮೂಲೆ ಹುಡುಕಿಕೊಂಡು, ಅಲ್ಲಿ ನಿಂತಿತು.