ಮೂರನೆಯ ಮೆಟ್ಟಿಲಿನ ಕಪ್ಪು ಚುಕ್ಕೆ

ಮುದ್ರಣಯಂತ್ರವನ್ನು ಓಡಿಸುವ ಮುನ್ನ ಪ್ಲೇಟನ್ನು ಒದ್ದೆ ಸ್ಪಂಜಿನಿಂದ ಒರೆಸಬೇಕೆಂಬುದು ಆ ಕಸುಬಿನ ಮೊದಲ ಪಾಠ. ನಲವತ್ತು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಯಂತ್ರದವನು ಆ ಪಾಠವನ್ನು ಮರೆತ. ಅಂದು ಅಚ್ಚಾಗುತ್ತಿದ್ದುದು ಹೆಸರಾಂತ ರಾಕ್ ತಂಡವೊಂದರ ಆಲ್ಬಮ್ಮಿನ ಹೊದಿಕೆ: ಮೆಟ್ಟಿಲುಗಳ ಮೇಲೆ ನಿಂತ ನಾಲ್ವರು. ಪ್ಲೇಟಿಗಂಟಿದ್ದ ಧೂಳಿನ ಕಣ ಮೂರನೆಯ ಮೆಟ್ಟಿಲಿನಲ್ಲಿ, ಗಾಯಕನ ಪಾದದ ಬಳಿ, ಎಳ್ಳಿನಷ್ಟು ಕಪ್ಪು ಚುಕ್ಕೆಯಾಗಿ ಪ್ರತಿಯೊಂದು ಪ್ರತಿಯಲ್ಲೂ ಮೂಡಿತು. ಮಾಲೀಕ ಎಲ್ಲರೆದುರು ವಿಚಾರಿಸಿದಾಗ ಯಂತ್ರದವನು ತಲೆ ತಗ್ಗಿಸಿ ಸುಮ್ಮನಿದ್ದ. ಕೆಲಸ ಹೋದದ್ದು ಮೇಲ್ವಿಚಾರಕನದು. ಅವನು ಯಂತ್ರದವನ ಸ್ವಂತ ಅಕ್ಕನ ಗಂಡ.

ಭಾವ ಆಮೇಲೆ ಗೋದಾಮುಗಳಲ್ಲಿ ಪೆಟ್ಟಿಗೆ ಕಟ್ಟುತ್ತ ಮುದುಕನಾದ. ಬಾಮೈದನ ಪಕ್ಕದಲ್ಲಿ ಮಾತ್ರ ಒಮ್ಮೆಯೂ ಕೂರಲಿಲ್ಲ.

ಇತ್ತ ತಂಡ ಒಡೆಯಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬಂತೆ, ಆ ಒಡಕನ್ನು ಚುಕ್ಕೆಯೇ ಮುಂಚಿತವಾಗಿ ಸಾರಿತ್ತೆಂದು ಅಭಿಮಾನಿಗಳು ಕಂಡುಹಿಡಿದರು. ಇವರೇನು ಅನಕ್ಷರಸ್ಥರೇ? ಅವರ ಅಭಿಮಾನಿ ಸಂಘದ ಅಧ್ಯಕ್ಷ ಹಲ್ಲಿನ ವೈದ್ಯ. ಗಣಿತದ ಮೇಷ್ಟರೊಬ್ಬರು ಚುಕ್ಕೆಯಿಂದ ಗಾಯಕನ ಎಡಮೊಣಕಾಲಿಗೆ ಗೆರೆಯೆಳೆದು, ಕೋನವಳೆದು, ತಂಡ ಒಡೆದ ತಿಂಗಳನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಗಾಯಕನೊಡನೆ ಗುಟ್ಟಾಗಿ ಸೇರಿ ಚುಕ್ಕೆಯಿಟ್ಟವನು ಮೇಲ್ವಿಚಾರಕನೇ ಎಂದು ತೀರ್ಮಾನಿಸಿ, ವರ್ಷಕ್ಕೊಮ್ಮೆ ಅವನನ್ನು ವೇದಿಕೆಯಲ್ಲಿ ಕೂರಿಸುತ್ತಿದ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನಕ್ಕ. ನಗುವೂ ಸಾಕ್ಷ್ಯದ ಪಟ್ಟಿಗೆ ಸೇರಿತು.

ಹತ್ತು ಜನರೆದುರು ಮಾಡಿದ ತಪ್ಪನ್ನು ಹತ್ತು ಜನರೆದುರೇ ಒಪ್ಪಿ ಭಾವನ ಕ್ಷಮೆ ಪಡೆಯಬೇಕೆಂದು ಯಂತ್ರದವನು ಈ ವರ್ಷದ ಸಭೆಗೆ ಬಂದ. ಗ್ರಂಥಾಲಯದ ಮೇಲ್ಮಹಡಿಯಲ್ಲಿ ಎದ್ದುನಿಂತು ಹೇಳಿದ:

"ಅದು ಧೂಳು. ನಾನು ಪ್ಲೇಟ್ ಒರೆಸಿರ್ಲಿಲ್ಲ. ಭಾವಂದು ಏನೂ ತಪ್ಪಿಲ್ಲ."

ಯಾರೂ ಸಿಟ್ಟಾಗಲಿಲ್ಲ. ಹಲ್ಲಿನ ವೈದ್ಯ ರೋಗಿಯನ್ನು ಸಂತೈಸುವ ದನಿಯಲ್ಲಿ ಕೇಳಿದ: "ದಿನಾ ಒರೆಸ್ತಿದ್ರಿ, ಅಲ್ವಾ?"

"ಹೌದು."

"ಅವತ್ತೊಂದೇ ದಿನ ಮರೆತ್ರಿ. ಅದೂ ಆ ಚಿತ್ರಕ್ಕೇ."

ಸಭೆ ತಲೆದೂಗಿತು, ಪೆನ್ನುಗಳು ಓಡಿದವು. ಒರೆಸಬೇಡವೆಂದು ಅಪ್ಪಣೆ ಕೊಟ್ಟವರು ಯಾರು ಎಂಬುದೊಂದೇ ಇನ್ನು ಉಳಿದ ಪ್ರಶ್ನೆಯೆಂದು ಮೇಷ್ಟರು ಸಾರಿದರು. ಸತ್ಯ ನುಡಿಯಲು ಶಾಲೆಯಲ್ಲಿ ಕಲಿಸುತ್ತೇವೆ; ಕೇಳಿಸಿಕೊಳ್ಳಲು ಕಲಿಸುವುದನ್ನು ಎಂದು ಆರಂಭಿಸುತ್ತೇವೋ!

ಭಾವ ವೇದಿಕೆಯಿಂದಿಳಿದು ಅವನನ್ನು ಕಿಟಕಿಯ ಬಳಿಗೆ ಎಳೆದೊಯ್ದ.

"ಧೂಳು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣಯ್ಯಾ. ನಿನ್ನ ಅಕ್ಕನ ಮುಖ ನೋಡಿ ಬಾಯಿ ಬಿಡ್ಲಿಲ್ಲ."

"ಕ್ಷಮಿಸಿ ಭಾವ. ಅದಕ್ಕೇ ಬಂದೆ."

"ಬಾಯಿ ಬಿಡ್ಬೇಕಾದಾಗ ಸುಮ್ನಿದ್ದು ನನ್ನ ಕೆಲಸ ಕಳೆದೆ. ಈಗ ಸುಮ್ನಿರ್ಬೇಕಾದಾಗ ಬಾಯಿ ಬಿಟ್ಟು ಈ ಕುರ್ಚಿನೂ ಕಳೀತೀಯಾ? ಪೆಟ್ಟಿಗೆ ಕಟ್ಟೋನಿಗೆ ಯಾರು ನಮಸ್ಕಾರ ಹೇಳ್ತಾರೆ?"

ಯಂತ್ರದವನು ಸಲ್ಲಿಸಲು ಬಂದದ್ದು ಸತ್ಯ. ಭಾವನಿಗೆ ಬೇಕಾದದ್ದು ಬೇರೆ. ಬಾಮೈದ ಸಭೆಯತ್ತ ತಿರುಗಿದ.

"ಒರೆಸ್ಬೇಡ ಅಂತ ಹೇಳಿದ್ದು ಭಾವಾನೇ," ಎಂದ.

ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಮೇಷ್ಟರ ಕಣ್ಣಲ್ಲಿ ನೀರಾಡಿತು. ಚಪ್ಪಾಳೆ ನಿಲ್ಲುವ ಮುನ್ನವೇ ಭಾವ ವೇದಿಕೆ ಹತ್ತಿ, ತನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿ, ಬಾಮೈದನಿಗೆ ಬಾ ಎಂದು ಸನ್ನೆ ಮಾಡಿದ.