ಎಡಗಡೆಯ ಹಗ್ಗ

ಪರದೆಯ ಮೇಲಿನ ಜೀವಕೋಶ ಚೆಂದವಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ಸಂಕೇತನಿಗೆ ನಾಚಿಕೆಯಾಯಿತು, ಆದರೂ ಕಣ್ಣು ಕೀಳಲಿಲ್ಲ. ನೇರಳೆ ಬಣ್ಣದ ಚಿತ್ರದಲ್ಲಿ ಅದು ಸುತ್ತಲಿನ ಮೆದುಳಿನೊಳಕ್ಕೆ ತೆಳ್ಳಗಿನ ಎಳೆಗಳನ್ನು ಚಾಚಿತ್ತು. ಕೆಲವು ರೋಗಿಗಳಲ್ಲಿ ಒಂದು ವಂಶವಾಹಿ ಮಲಗಿಬಿಟ್ಟಿರುತ್ತದೆಯಂತೆ. ಅಂಥವರಿಗೆ ವಿಕಿರಣದ ಜೊತೆ ಕೊಡುವ ಹೊಸ ಕ್ಯಾಪ್ಸೂಲು ಹೆಚ್ಚು ನಾಟುತ್ತದಂತೆ. ಎಷ್ಟು ಸೊಗಸಾದ ತರ್ಕ. ಕಾರವಾರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಅವನಿಗೆ ಇಷ್ಟು ವರ್ಷ ಪಾಠದಲ್ಲಿ ಸಿಗದ ಖುಷಿ ಈಗ ಅಣ್ಣನ ತಲೆಯೊಳಗಿನ ಗಡ್ಡೆಯಿಂದ ಸಿಗುತ್ತಿತ್ತು.

ಮೊಬೈಲ್ ಹೊಡೆದುಕೊಂಡಿತು. ಸೈಬರ್ ಕೆಫೆಯಿಂದ ಕೋಡಿಬಾಗದ ರಸ್ತೆಗೆ ಬಂದು ನಿಂತ. ಮುಂಬಯಿಯ ಡಾಕ್ಟರು.

ಅವರು ಸುತ್ತಿ ಬಳಸಿ ಮಾತಾಡುವವರಲ್ಲ. ಹೊಸ ಸ್ಕ್ಯಾನಿನಲ್ಲಿ ಗಡ್ಡೆ ಮತ್ತೆ ಕಾಣಿಸಿಕೊಂಡಿದೆ. ತೆಗೆದ ಜಾಗದಲ್ಲೇ, ಬಲಗಡೆ ಹಿಂದೆ, ಮೊದಲಿಗಿಂತ ದೊಡ್ಡದು. ಕ್ಯಾಪ್ಸೂಲು ಇನ್ನು ನಿಲ್ಲಿಸಬಹುದು. ರಕ್ತನಾಳ ಬೆಳೆಯದಂತೆ ತಡೆದು ಗಡ್ಡೆಯನ್ನು ಉಪವಾಸ ಕೆಡಹುವ ಮದ್ದೊಂದರ ಪ್ರಯೋಗ ಅಮೆರಿಕದಲ್ಲಿ ನಡೆದಿದೆ. ಆದರೆ ನಿಮ್ಮ ಅಣ್ಣನಿಗೆ ಅಷ್ಟು ಸಮಯವಿಲ್ಲ.

"ಮನೆಯವರಿಗೆ ನೀವೇ ತಿಳಿಸಿ. ನೀವು ಓದಿದವರು."

"ಆಗಲಿ," ಅಂದ ಸಂಕೇತ. ಆ ಮದ್ದಿನ ಹೆಸರು ಕೇಳಬೇಕಿತ್ತು ಅಂತ ಫೋನು ಇಟ್ಟ ಮೇಲೆ ನೆನಪಾಯಿತು.

ಅಂಕೋಲೆಯ ಬಸ್ಸು ಹತ್ತಿ ಹಾರವಾಡದಲ್ಲಿ ಇಳಿದಾಗ ಊಟದ ಹೊತ್ತು. ಅಣ್ಣ ನಾಗು ಗಂಗಾಳದ ಮುಂದೆ ಕೂತಿದ್ದ. ಬಲಗಡೆಯ ಅನ್ನ, ಬಂಗಡೆ ಸಾರು ಖಾಲಿಯಾಗಿತ್ತು. ಎಡಗಡೆಯದು ಮುಟ್ಟಿದಂತಿರಲಿಲ್ಲ. ಅತ್ತಿಗೆ ಮಂಗಲಾ ಗಂಗಾಳವನ್ನು ತಿರುಗಿಸಿಟ್ಟಳು. ನಾಗು ಮತ್ತೆ ಉಣ್ಣತೊಡಗಿದ. ಎಡಗಡೆಯದು ಕಣ್ಣಿಗೇ ಬೀಳದ ಈ ಸ್ಥಿತಿಗೆ ಶಾಸ್ತ್ರದಲ್ಲಿರುವ ಹೆಸರು ಸಂಕೇತನಿಗೆ ಗೊತ್ತಿತ್ತು. ಮಂಗಲಾಗೆ ಹೆಸರು ಬೇಕಾಗಿರಲಿಲ್ಲ.

"ಬಂದ್ಯಾ ತಮಾ? ಈ ಬದಿಗೆ ಬಾ, ಕಾಣೂದಿಲ್ಲ," ಅಂದ ನಾಗು.

ಸಂಕೇತ ಬಲಕ್ಕೆ ಬಂದು ಕೂತ. ನಾಗು ಕೈ ತೊಳೆದು, ಗೋಡೆಯ ಮೊಳೆಯಲ್ಲಿದ್ದ ಕೆಂಪು ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡ.

ಊರ ರಂಪಣಿ ಬಲೆಗೆ ನೀರು ನೋಡುವವನು ನಾಗು. ಮೀನಿನ ಹಿಂಡು ಬಂದ ಕಡೆ ಕಡಲು ಕಪ್ಪಾಗುತ್ತದೆ. ಅದನ್ನು ದಂಡೆಯಿಂದಲೇ ಗುರುತಿಸಿ ಅವನು ಬಟ್ಟೆ ಬೀಸಿದರೆ ದೋಣಿ ಅತ್ತ ಹೋಗಿ ಬಲೆಯ ಸುತ್ತು ಹಾಕುತ್ತದೆ. ಆಮೇಲೆ ಊರೇ ನಿಂತು ಎರಡೂ ಕಡೆಯ ಹಗ್ಗ ಎಳೆಯಬೇಕು. ಬಟ್ಟೆ ಹಿಡಿದವನು ತಾನಾಗಿ ಇನ್ನೊಬ್ಬನ ಕೈಗೆ ಕೊಡಬೇಕೇ ಹೊರತು ಯಾರೂ ಕೇಳುವ ಹಾಗಿಲ್ಲ. ನಾಗು ಕಾಯಿಲೆ ಬಿದ್ದ ಮೇಲೂ ಯಾರೂ ಕೇಳಿರಲಿಲ್ಲ.

"ಡಾಕ್ಟ್ರು ಎಂತ ಹೇಳಿದ್ರು? ಮುಚ್ಚಿಡ್ಬೇಡ," ಅಂದ ನಾಗು. "ವಾಸಿ ಆಗೂದಿಲ್ಲಂದ್ರೆ ಇದ್ನ ಬೀರಾಗೆ ಕೊಡ್ತೆ. ದೋಣಿ ನಡೆಸೂಕೆ ಬರ್ತದೆ ಅವಂಗೆ, ನೀರು ನೋಡೂಕೆ ಬರೂದಿಲ್ಲ. ಮಳೆಗಾಲದೊಳಗೆ ಕಲಿಸ್ಬೇಕು."

ಮಂಗಲಾ ಗಂಗಾಳ ಎತ್ತಿಕೊಂಡು ಒಲೆಯ ಹತ್ತಿರ ನಿಂತಳು.

"ಹೊಸದೊಂದು ಮದ್ದು ಬರ್ತಾ ಅದೆ," ಅಂದ ಸಂಕೇತ. "ಗಡ್ಡೆಗೆ ರಕ್ತನೇ ಸಿಗದ ಹಾಗೆ ಮಾಡ್ತದೆ. ಅಮೆರಿಕದಲ್ಲಿ ಪ್ರಯೋಗ ನಡೀತಾ ಅದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ಮುಂದುವರಿಸಿದ. ರಕ್ತನಾಳ ಹೇಗೆ ಚಿಗುರುತ್ತದೆ, ಮದ್ದು ಎಲ್ಲಿ ಅಡ್ಡ ಬರುತ್ತದೆ, ಎಲ್ಲ ಹೇಳಿದ. ತರಗತಿಯಲ್ಲಿ ಕೂಡ ಇಷ್ಟು ಚೆನ್ನಾಗಿ ಹೇಳಿದ್ದಿಲ್ಲ. ತನ್ನ ದನಿ ತನಗೇ ಹಿಡಿಸುತ್ತಿದ್ದುದನ್ನು ಗಮನಿಸಿ ಹೇಸಿಗೆಯಾಯಿತು.

"ಹಂಗಾರೆ ಅವಸರ ಇಲ್ಲ," ಅಂದ ನಾಗು. ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡ.

ಬಿಸಿಲು ಇಳಿದ ಮೇಲೆ ದಂಡೆಗೆ ಹೋದರು. ದೋಣಿಯಲ್ಲಿ ಬೀರಾ ಮತ್ತವನ ಜನ ಕಾಯುತ್ತಿದ್ದರು. ಬಲೆಯ ಯಜಮಾನ ಬೊಮ್ಮಯ್ಯ ಮರಳಿನ ಮೇಲೆ ಕೂತು ಎಲೆ ಹಾಕುತ್ತಿದ್ದ. ನಾಗು ಕಡಲಿಗೆ ಮುಖ ಮಾಡಿ ಬಹಳ ಹೊತ್ತು ನಿಂತ. ಒಮ್ಮೆಲೇ ಅವನ ಕುತ್ತಿಗೆ ಸೆಟೆಯಿತು.

"ಅದೆ. ದೊಡ್ಡ ಹಿಂಡು. ಕಪ್ಪಾಗಿ ಅದೆ ನೋಡು."

ಸಂಕೇತ ನೋಡಿದ. ಕಡಲು ಈ ತುದಿಯಿಂದ ಆ ತುದಿಯವರೆಗೆ ಒಂದೇ ನೀಲಿ. ಕಪ್ಪು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಡಾಕ್ಟರು ಅದರ ಜಾಗವನ್ನೂ ಅಳತೆಯನ್ನೂ ಹೇಳಿದ್ದರು.

ಬೊಮ್ಮಯ್ಯ ಎದ್ದು ಬಂದ. ಅವನೂ ಕಡಲನ್ನು ನೋಡಿದ, ಆಮೇಲೆ ಸಂಕೇತನನ್ನು. "ನಂಗೂ ಕಣ್ಣು ಮಂಜು," ಅಂದ ಮೆಲ್ಲಗೆ. "ನೀ ಓದ್ದವ. ನಿಂಗೆ ಕಾಣ್ತದ್ಯಾ?"

"ಕಾಣ್ತದೆ."

ಬೊಮ್ಮಯ್ಯ ಹಗ್ಗದ ಕಡೆ ನಡೆದ. ನಾಗು ಬಟ್ಟೆ ಬೀಸಿದ. ದೋಣಿ ಹೊರಟಿತು, ಬಲೆ ಬಿತ್ತು, ಜನ ಎರಡು ಪಾಲಾಗಿ ಹಗ್ಗಕ್ಕೆ ಕೈ ಹಾಕಿದರು. ಸಂಕೇತ ಪ್ಯಾಂಟು ಮಡಚಿ ನಾಗುವಿನ ಎಡಗಡೆಯ ಸಾಲಿನಲ್ಲಿ ನಿಂತ. ಎಳೆಯುತ್ತಿದ್ದಂತೆ ಅಂಗೈ ಉರಿಯಿತು. ಆ ಉರಿಯಿಂದ ಸ್ವಲ್ಪ ಸಮಾಧಾನವೂ ಆಯಿತು.

ಕೆಲ ಹೊತ್ತಿನ ನಂತರ ಅದೇ ಸಾಲಿನಲ್ಲಿ ಮುಂದಿದ್ದ ಬೊಮ್ಮಯ್ಯ ಹಗ್ಗ ಬಿಟ್ಟ.

"ಹಗ್ಗ ಹಿಡಿದ್ರೆ ಗೊತ್ತಾಗ್ತದೆ, ಏನಿಲ್ಲ ಇದ್ರಲ್ಲಿ," ಅಂದ ಪಿಸುದನಿಯಲ್ಲಿ. "ಕೂತ್ಕಣ್ಣಿ. ಆಮೇಲೆ ಎಳೆದ್ರಾಯ್ತು."

ಒಬ್ಬೊಬ್ಬರಾಗಿ ಎಡಗಡೆಯವರೆಲ್ಲ ಬಿಟ್ಟು ಮರಳಿನಲ್ಲಿ ಕೂತರು. ಬಲಗಡೆಯ ಸಾಲು ಮಾತ್ರ ಏನೂ ಆಗದವರ ಹಾಗೆ ಜೋರಾಗಿ ಎಳೆಯುತ್ತಲೇ ಇತ್ತು. ನಾಗುವಿಗೆ ಕಾಣುತ್ತಿದ್ದುದು ಅದೊಂದೇ ಸಾಲು. ಅವನು ಅದನ್ನೇ ನೋಡುತ್ತ ಕೆಂಪು ಬಟ್ಟೆ ಬೀಸುತ್ತಿದ್ದ. ಮುಖದಲ್ಲಿ ಹಳೆಯ ಠೀವಿ. ಊರು ನಾಗುವಿಗಾಗಿ ಮಾಡಿಕೊಂಡ ಈ ಏರ್ಪಾಡು ಇವತ್ತಿನದಲ್ಲ ಎಂದು ಸಂಕೇತನಿಗೆ ಆಗ ಹೊಳೆಯಿತು.

ಎಡಗಡೆಯ ಹಗ್ಗ ಹಿಡಿದು ನಿಂತವನು ಅವನೊಬ್ಬನೇ. ಅಣ್ಣ ಕೂಗಳತೆಗಿಂತಲೂ ಹತ್ತಿರ, ಮಾತಿನಳತೆಯಲ್ಲಿದ್ದ. ಡಾಕ್ಟರು ಹೇಳಿದ್ದನ್ನು ಈಗ ಹೇಳಬಹುದಿತ್ತು.

"ಅಣ್ಣ," ಅಂದ.

ನಾಗುವಿಗೆ ಕೇಳಿಸಿತು. ಅವನು ಬಲಕ್ಕೆ ತಿರುಗಿ, ಎಳೆಯುತ್ತಿದ್ದವರ ಒಂದೊಂದೇ ಮುಖದಲ್ಲಿ ತಮ್ಮನನ್ನು ಹುಡುಕಿದ.

"ಎಲ್ಲಿದ್ದಿ ತಮಾ?"

ಸಂಕೇತ ಬಾಯಿ ತೆರೆದ. ಒದ್ದೆ ಹಗ್ಗ ಅಂಗೈಯೊಳಗಿಂದ ಮೆಲ್ಲಗೆ ಕಡಲಿನ ಕಡೆ ಜಾರುತ್ತಿತ್ತು.